ಬ್ರಿಟನ್ನಿನ ಸ್ವತಂತ್ರ ಸಿನಿಮಾದವರನ್ನು ಸಂದರ್ಶಿಸುವ ಮುನ್ನ

ನಿರ್ದೇಶಕರೊಬ್ಬರನ್ನೋ ನಟರೊಬ್ಬರನ್ನೋ ಸಂದರ್ಶಿಸಲು ಹೊರಟವರು ಎಲ್ಲಕ್ಕಿಂತ ಮೊದಲು ಒಂದು ವಿಷಯವನ್ನು ತೀರ್ಮಾನಿಸಿಕೊಳ್ಳಬೇಕು: ತಮಗೆ ಬೇಕಾಗಿರುವುದು ಅವರ ಅಭಿಪ್ರಾಯವೋ, ಅವರು ಮಾಡಿದ ಕೆಲಸದ ವಿವರವೋ? ಅಭಿಪ್ರಾಯವನ್ನು ಅವರು ಈಗಾಗಲೇ ಹತ್ತಾರು ಕಡೆ ಹೇಳಿರುತ್ತಾರೆ. ಚಿತ್ರ ಬಿಡುಗಡೆಯಾಗುವ ವಾರದಲ್ಲಿ ಅದೇ ಉತ್ತರವನ್ನು ದಿನವಿಡೀ ಒಪ್ಪಿಸಿ ಅವರಿಗೂ ಬೇಸರ ಬಂದಿರುತ್ತದೆ. ಕೆಲಸದ ವಿವರ ಹಾಗಲ್ಲ. ಅದು ಸರಿಯಾಗಿ ಕೇಳಿದವರಿಗೆ ಮಾತ್ರ ದಕ್ಕುತ್ತದೆ, ಯಾರೂ ಕೇಳದೆ ಹೋದರೆ ಆ ವ್ಯಕ್ತಿಯೊಂದಿಗೇ ಹೊರಟುಹೋಗುತ್ತದೆ. ಬ್ರಿಟನ್ನಿನ ಸ್ವತಂತ್ರ ಸಿನಿಮಾದ ಮಟ್ಟಿಗೆ ಇದು ಇನ್ನಷ್ಟು ನಿಜ. ಅಲ್ಲಿನ ಮುಖ್ಯ ನಿರ್ದೇಶಕರಲ್ಲಿ ಹಲವರು ಕಥೆಗಿಂತ ಮೊದಲು ಕೆಲಸದ ಕ್ರಮವನ್ನೇ ಹೊಸದಾಗಿ ಕಟ್ಟಿಕೊಂಡವರು. ಆ ಕ್ರಮ ತಿಳಿಯದೆ ಅವರ ಚಿತ್ರಗಳು ಯಾಕೆ ಹಾಗಿವೆ ಎಂಬುದು ಪೂರ್ತಿ ಅರ್ಥವಾಗುವುದಿಲ್ಲ.

ಸಿದ್ಧತೆಯನ್ನು ಚಿತ್ರದಿಂದಲೇ ಆರಂಭಿಸಿ. ಮೊದಲ ಬಾರಿ ಟಿಪ್ಪಣಿ ಮಾಡಿಕೊಳ್ಳದೆ ಪ್ರೇಕ್ಷಕರಾಗಿ ನೋಡಿ, ಎರಡನೆಯ ಬಾರಿ ನೋಡುವಾಗ ನಿಮ್ಮನ್ನು ತಡೆದು ನಿಲ್ಲಿಸಿದ ಒಂದೆರಡು ದೃಶ್ಯಗಳನ್ನು ಗುರುತು ಹಾಕಿಕೊಳ್ಳಿ, ಆಮೇಲೆ ಆ ದೃಶ್ಯಗಳನ್ನಷ್ಟೇ ಧ್ವನಿ ನಿಲ್ಲಿಸಿ ಇನ್ನೊಮ್ಮೆ ನೋಡಿ. ಮಾತು ಕೇಳಿಸದಿದ್ದಾಗ ಕ್ಯಾಮೆರಾ ಎಲ್ಲಿದೆ, ಯಾರು ಯಾರ ಕಡೆ ತಿರುಗಿದ್ದಾರೆ, ಶಾಟ್ ಯಾವಾಗ ಕತ್ತರಿಸಿದೆ ಎಂಬುದೆಲ್ಲ ಎದ್ದು ಕಾಣುತ್ತದೆ. ಅವರ ಹಳೆಯ ಸಂದರ್ಶನಗಳನ್ನೂ ಓದಿಕೊಳ್ಳಿ; ಅದರ ಮುಖ್ಯ ಪ್ರಯೋಜನವೆಂದರೆ ಯಾವುದನ್ನು ಮತ್ತೆ ಕೇಳಬಾರದು ಎಂಬುದು ಗೊತ್ತಾಗುವುದು. ಆಂಡ್ರಿಯಾ ಆರ್ನಾಲ್ಡ್ ಅವರ 2009ರ ‘ಫಿಶ್ ಟ್ಯಾಂಕ್’ ಚಿತ್ರದ ನಾಯಕಿ ಕೇಟಿ ಜಾರ್ವಿಸ್ ಅವರು ಟಿಲ್ಬರಿ ರೈಲು ನಿಲ್ದಾಣದಲ್ಲಿ ಗೆಳೆಯನೊಂದಿಗೆ ಜಗಳವಾಡುತ್ತಿದ್ದಾಗ ಪಾತ್ರಕ್ಕೆ ಆಯ್ಕೆಯಾದ ಕಥೆ ಜಗತ್ತಿಗೆಲ್ಲ ಗೊತ್ತು. ಅದನ್ನು ಮತ್ತೆ ಹೇಳಿಸುವುದರಿಂದ ಓದುಗರಿಗೆ ಏನೂ ಸಿಗುವುದಿಲ್ಲ. ಅಭಿನಯದ ಅನುಭವವೇ ಇಲ್ಲದ ಹುಡುಗಿಗೆ ಮೊದಲ ದಿನ ಯಾವ ದೃಶ್ಯ ಕೊಟ್ಟರು, ಯಾಕೆ ಅದನ್ನೇ ಕೊಟ್ಟರು ಎಂದು ಕೇಳಿದರೆ ಮಾತು ಬೇರೆ ದಾರಿ ಹಿಡಿಯುತ್ತದೆ.

ನಿರ್ದೇಶಕ ಮೈಕ್ ಲೀ ಅವರ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಸಂದರ್ಶಕರು ಅತಿ ಹೆಚ್ಚು ಎಡವುವುದು ಅವರ ಚಿತ್ರಗಳ ವಿಷಯದಲ್ಲಿಯೇ. ಅವರು ಸಿದ್ಧ ಚಿತ್ರಕಥೆಯಿಲ್ಲದೆ ಕೆಲಸ ಆರಂಭಿಸುತ್ತಾರೆ. ಪ್ರತಿಯೊಬ್ಬ ನಟರೊಡನೆ ಬೇರೆಬೇರೆಯಾಗಿ ಕೂತು, ಆ ನಟರಿಗೆ ಪರಿಚಯವಿರುವ ನಿಜವಾದ ವ್ಯಕ್ತಿಗಳ ಬಗ್ಗೆ ಮಾತನಾಡುತ್ತ ಪಾತ್ರವನ್ನು ಕಟ್ಟುತ್ತಾರೆ. ಪಾತ್ರಗಳು ಗಟ್ಟಿಯಾದ ಮೇಲೆ ಅವನ್ನು ಒಂದಕ್ಕೊಂದು ಭೇಟಿ ಮಾಡಿಸುತ್ತಾರೆ. ಪಾತ್ರಕ್ಕೆ ಎಷ್ಟು ತಿಳಿದಿರಬೇಕೋ ಅಷ್ಟು ಮಾತ್ರ ನಟರಿಗೂ ತಿಳಿದಿರುತ್ತದೆ. ಈ ತಾಲೀಮು ತಿಂಗಳುಗಟ್ಟಲೆ ನಡೆಯುತ್ತದೆ. ಆದರೆ ಕ್ಯಾಮೆರಾ ಓಡುವ ಹೊತ್ತಿಗೆ ಮಾತುಗಳು ನಿಶ್ಚಿತವಾಗಿರುತ್ತವೆ, ಶಾಟ್ ನಡೆಯುವಾಗ ಬಾಯಿಗೆ ಬಂದದ್ದನ್ನು ಆಡುವ ಪದ್ಧತಿ ಅವರಲ್ಲಿಲ್ಲ. ಹಾಗಾಗಿ ‘ಈ ದೃಶ್ಯವನ್ನು ಸ್ಥಳದಲ್ಲೇ ಸೃಷ್ಟಿಸಿದಿರಾ’ ಎಂಬ ಪ್ರಶ್ನೆ ಕೇಳಿದ ಕೂಡಲೇ, ಇವರು ತಯಾರಾಗಿ ಬಂದಿಲ್ಲ ಎಂದು ಎದುರಿಗಿರುವವರಿಗೆ ತಿಳಿದುಹೋಗುತ್ತದೆ.

1996ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ದೋರ್ ಪಡೆದ ಅವರ ‘ಸೀಕ್ರೆಟ್ಸ್ ಅಂಡ್ ಲೈಸ್’ ಚಿತ್ರದಲ್ಲಿ, ಹುಟ್ಟಿದಾಗಲೇ ದತ್ತು ಕೊಟ್ಟ ಮಗಳನ್ನು ತಾಯಿ ಮೊದಲ ಬಾರಿಗೆ ಭೇಟಿಯಾಗುತ್ತಾಳೆ. ತಾಯಿ ಬಿಳಿಯ ಹೆಂಗಸು, ಮಗಳು ಕಪ್ಪು ಹೆಣ್ಣುಮಗಳು. ಇಬ್ಬರೂ ಬಹುತೇಕ ಖಾಲಿಯಾಗಿರುವ ಕಾಫಿ ಅಂಗಡಿಯಲ್ಲಿ ಎದುರುಬದುರಾಗಿ ಕೂರದೆ ಮೇಜಿನ ಒಂದೇ ಬದಿಯಲ್ಲಿ ಅಕ್ಕಪಕ್ಕ ಕೂತಿದ್ದಾರೆ, ಕ್ಯಾಮೆರಾ ಅವರೆದುರು ಕದಲದೆ ನಿಂತಿದೆ, ಏಳೆಂಟು ನಿಮಿಷ ಒಂದು ಕಡೆಯೂ ಕತ್ತರಿಸಿಲ್ಲ. ಹೀಗಾಗಲು ಸಾಧ್ಯವೇ ಇಲ್ಲ ಎಂದು ವಾದಿಸುತ್ತಿರುವ ತಾಯಿಗೆ ನಡುವೆ ಒಮ್ಮೆ ಏನೋ ನೆನಪಾಗಿ ಮುಖ ಬದಲಾಗುತ್ತದೆ. ತಾಯಿಯ ಪಾತ್ರ ಮಾಡಿದ ಬ್ರೆಂಡಾ ಬ್ಲೆತಿನ್ ಅವರಿಗೆ, ತಾಲೀಮಿನಲ್ಲಿ ಮರಿಯಾನ್ ಜಾನ್-ಬ್ಯಾಪ್ಟಿಸ್ಟ್ ಅವರನ್ನು ಎದುರಾಗುವವರೆಗೂ ಮಗಳು ಕಪ್ಪು ವರ್ಣದವಳು ಎಂಬುದು ಗೊತ್ತಿರಲಿಲ್ಲ. ಆದರೆ ನಾವು ತೆರೆಯ ಮೇಲೆ ನೋಡುವುದು ಆ ಮೊದಲ ಬೆರಗನ್ನಲ್ಲ. ಅದನ್ನು ಮತ್ತೆ ಮತ್ತೆ ತಾಲೀಮು ಮಾಡಿ, ಸೋಸಿ, ನಿಶ್ಚಿತಗೊಳಿಸಿದ ರೂಪವನ್ನು. ಈ ಒಂದು ಸಂಗತಿಯಿಂದ ಎಷ್ಟು ಪ್ರಶ್ನೆಗಳು ಹುಟ್ಟುತ್ತವೆ ನೋಡಿ. ನಿಜವಾಗಿ ಬೆರಗಾದ ದಿನಕ್ಕೂ ಚಿತ್ರೀಕರಣದ ದಿನಕ್ಕೂ ನಡುವೆ ಏನನ್ನು ಬಿಟ್ಟುಕೊಟ್ಟಿರಿ? ಪಕ್ಕದಲ್ಲಿ ಕೂತವರ ಮುಖ ಕಾಣದಿರುವಾಗ ಅವರ ಮಾತಿಗೆ ಹೇಗೆ ಸ್ಪಂದಿಸಿದಿರಿ? ನೆನಪಾಗುವ ಆ ಗಳಿಗೆ ಯಾವ ಮಾತಿನ ನಂತರ ಬರಬೇಕೆಂದು ಮೊದಲೇ ನಿಗದಿಯಾಗಿತ್ತೇ? ‘ಆ ದೃಶ್ಯದಲ್ಲಿ ನಟಿಸುವುದು ಹೇಗನ್ನಿಸಿತು’ ಎಂದು ಕೇಳಿದರೆ ‘ಬಹಳ ತೀವ್ರವಾದ ಅನುಭವ’ ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ಮೇಲಿನ ಪ್ರಶ್ನೆಗಳಿಗೆ ಅಷ್ಟರಲ್ಲಿ ಉತ್ತರಿಸಿ ಕೈತೊಳೆದುಕೊಳ್ಳಲು ಬರುವುದಿಲ್ಲ.

ನಟರನ್ನು ಕೇಳುವಾಗ ‘ಯಾವಾಗ ತಿಳಿಯಿತು’ ಎಂಬುದರ ಸುತ್ತ ಪ್ರಶ್ನೆ ಹೆಣೆಯುವುದು ಬ್ರಿಟಿಷ್ ಸಿನಿಮಾದಲ್ಲಿ ವಿಶೇಷವಾಗಿ ಫಲ ಕೊಡುತ್ತದೆ. ಲೀ ಅವರ 2004ರ ‘ವೆರಾ ಡ್ರೇಕ್’ ಚಿತ್ರದಲ್ಲಿ ಇಮೆಲ್ಡಾ ಸ್ಟಾಂಟನ್ ಅವರ ಪಾತ್ರ ಗುಟ್ಟಾಗಿ ಗರ್ಭಪಾತ ಮಾಡಿಸುವ ಗೃಹಿಣಿಯದು; ಕುಟುಂಬದವರ ಪಾತ್ರ ಮಾಡಿದ ನಟರಿಗೆ ಅದು ಗೊತ್ತಾಗಿದ್ದು ತಾಲೀಮಿನಲ್ಲಿ ಪೊಲೀಸರು ಮನೆಗೆ ಬಂದಾಗ. ಕೆನ್ ಲೋಚ್ ಅವರ ಕ್ರಮ ಬೇರೆ. ಅವರ ಚಿತ್ರಗಳಿಗೆ ಬರೆದ ಚಿತ್ರಕಥೆ ಇರುತ್ತದೆ, ಆದರೆ ಸಾಮಾನ್ಯವಾಗಿ ನಟರ ಕೈಗೆ ಅದು ಒಮ್ಮೆಗೇ ಸಿಗುವುದಿಲ್ಲ. ಕಥೆ ನಡೆಯುವ ಅನುಕ್ರಮದಲ್ಲಿಯೇ ಚಿತ್ರೀಕರಿಸುತ್ತ, ಆಯಾ ದಿನಕ್ಕೆ ಬೇಕಾದಷ್ಟು ಪುಟಗಳನ್ನು ಮಾತ್ರ ಕೊಡುತ್ತಾರೆ. ಅವರ 2016ರ ‘ಐ, ಡೇನಿಯಲ್ ಬ್ಲೇಕ್’ ಚಿತ್ರದ ನಾಯಕ ಡೇವ್ ಜಾನ್ಸ್ ವೃತ್ತಿಯಿಂದ ವೇದಿಕೆಯ ಹಾಸ್ಯಗಾರರು. ಉಚಿತ ದಿನಸಿ ಹಂಚುವ ಕೇಂದ್ರದಲ್ಲಿ ಹಸಿವು ತಾಳಲಾರದೆ ತಾಯಿಯೊಬ್ಬಳು ಡಬ್ಬಿ ಒಡೆದು ಕೈಯಲ್ಲೇ ತಿನ್ನುವ ದೃಶ್ಯದಲ್ಲಿ ಅಂಥ ಕೇಂದ್ರದಲ್ಲಿ ನಿಜವಾಗಿ ಕೆಲಸ ಮಾಡುತ್ತಿದ್ದವರೇ ಇದ್ದಾರೆ. ಇಷ್ಟು ಗೊತ್ತಿದ್ದರೆ, ಆ ತಾಯಿಯ ಪಾತ್ರ ಮಾಡಿದ ಹೇಲಿ ಸ್ಕ್ವೈರ್ಸ್ ಅವರಂಥ ನಟಿ ಎದುರಿಗೆ ಸಿಕ್ಕಾಗ ‘ಬಡತನದ ಬಗ್ಗೆ ನಿಮ್ಮ ನಿಲುವೇನು’ ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ಆ ಡಬ್ಬಿಯನ್ನು ಎಷ್ಟು ಸಲ ಒಡೆಯಬೇಕಾಯಿತು, ಸುತ್ತಲಿದ್ದವರಿಗೆ ಮುಂಚೆಯೇ ಏನು ಹೇಳಿದ್ದರು ಎಂಬಲ್ಲಿಂದ ಹೊರಟರೆ ನಿಲುವು ತಾನಾಗಿಯೇ ಹೊರಬರುತ್ತದೆ.

ಹಣದ ಬಗ್ಗೆ ಕೇಳಲು ನಮ್ಮಲ್ಲಿ ಹಲವರು ಹಿಂಜರಿಯುತ್ತಾರೆ. ಹಿಂಜರಿಯಬೇಡಿ. ಬ್ರಿಟನ್ನಿನ ಸ್ವತಂತ್ರ ಸಿನಿಮಾದ ಚರಿತ್ರೆಯ ಬಹುಭಾಗ ಯಾರ ಹಣ ಎಲ್ಲಿಂದ ಬಂತು ಎಂಬುದರ ಚರಿತ್ರೆಯೇ ಆಗಿದೆ. 1982ರ ನವೆಂಬರ್‌ನಲ್ಲಿ ಆರಂಭವಾದ ಚಾನೆಲ್ 4 ದೂರದರ್ಶನ ವಾಹಿನಿ ತಾನೇ ಚಿತ್ರಗಳಿಗೆ ಹಣ ಹೂಡಿತು. ಹನೀಫ್ ಕುರೇಶಿ ಬರೆದು ಸ್ಟೀಫನ್ ಫ್ರಿಯರ್ಸ್ ನಿರ್ದೇಶಿಸಿದ 1985ರ ‘ಮೈ ಬ್ಯೂಟಿಫುಲ್ ಲಾಂಡ್ರೆಟ್’ ಟಿವಿಗೆಂದು 16 ಎಂಎಂನಲ್ಲಿ ತೆಗೆದ ಚಿತ್ರ. ಎಡಿನ್‌ಬರೋ ಚಿತ್ರೋತ್ಸವದಲ್ಲಿ ಅದಕ್ಕೆ ದೊರೆತ ಸ್ವಾಗತದಿಂದಾಗಿ ಚಿತ್ರಮಂದಿರಗಳಿಗೆ ಬಂತು. ಟೆರೆನ್ಸ್ ಡೇವಿಸ್ ಅವರ 1988ರ ‘ಡಿಸ್ಟೆಂಟ್ ವಾಯ್ಸಸ್, ಸ್ಟಿಲ್ ಲೈವ್ಸ್’ ಚಿತ್ರದ ಎರಡು ಭಾಗಗಳ ಚಿತ್ರೀಕರಣದ ನಡುವೆ ಎರಡು ವರ್ಷಗಳ ಅಂತರವಿದೆ. 1990ರ ದಶಕದ ನಡುವಿನಿಂದ ರಾಷ್ಟ್ರೀಯ ಲಾಟರಿಯ ಹಣ ಸಿನಿಮಾಕ್ಕೆ ಹರಿಯತೊಡಗಿತು. 2000ದಲ್ಲಿ ಸ್ಥಾಪನೆಯಾದ ಯುಕೆ ಫಿಲ್ಮ್ ಕೌನ್ಸಿಲ್ 2011ರಲ್ಲಿ ಮುಚ್ಚಿದಾಗ ಆ ಹಣ ಹಂಚುವ ಹೊಣೆ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಬಂತು. ನೀವು ಸಂದರ್ಶಿಸುವವರ ಮೊದಲ ಚಿತ್ರ ಈ ಕಾಲಾನುಕ್ರಮದಲ್ಲಿ ಎಲ್ಲಿ ಬರುತ್ತದೆ ಎಂದು ನೋಡಿಕೊಳ್ಳಿ. ಬಳಿಕ ಮೊತ್ತವನ್ನು ಕೇಳುವ ಬದಲು, ಹಣ ಸಾಲದೆ ಚಿತ್ರಕಥೆಯಿಂದ ಯಾವ ದೃಶ್ಯವನ್ನು ಕೈಬಿಟ್ಟಿರಿ ಎಂದು ಕೇಳಿ. ಈ ಪ್ರಶ್ನೆಗೆ ಉತ್ತರ ಹೇಳಲಾರದ ಸ್ವತಂತ್ರ ನಿರ್ದೇಶಕರು ವಿರಳ.

ಇನ್ನೊಂದು ಮಾತು: ಹೆಸರಾಂತ ನಿರ್ದೇಶಕರೇ ಬೇಕೆಂದು ಕಾಯಬೇಡಿ. ಸ್ಟೀವ್ ಮೆಕ್ವೀನ್ ಅವರ 2008ರ ‘ಹಂಗರ್’ ಚಿತ್ರದಲ್ಲಿ ಕೈದಿಯೂ ಪಾದ್ರಿಯೂ ಎದುರುಬದುರು ಕೂತು ಮಾತನಾಡುವ, ಸುಮಾರು 17 ನಿಮಿಷ ಕತ್ತರಿಸದೆ ಸಾಗುವ ಶಾಟ್ ಇದೆ. ಅಂಥ ಶಾಟ್ ಬಗ್ಗೆ ಛಾಯಾಗ್ರಾಹಕರಿಂದ, ಧ್ವನಿ ದಾಖಲಿಸಿದವರಿಂದ ತಿಳಿಯುವಷ್ಟು ಇನ್ನಾರಿಂದಲೂ ತಿಳಿಯುವುದಿಲ್ಲ. ಅವರನ್ನು ಕೇಳುವವರೂ ಕಡಿಮೆ, ಹಾಗಾಗಿ ಅವರು ಬಿಡುವು ಮಾಡಿಕೊಂಡು ಮಾತನಾಡುತ್ತಾರೆ. ಕನ್ನಡದವರಿಗೆ ಇನ್ನೊಂದು ಅವಕಾಶವೂ ಇದೆ. ಡೇವಿಡ್ ಲೀನ್ ಅವರ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಸ್ವತಂತ್ರ ಸಿನಿಮಾ ಅಲ್ಲ, ನಿಜ. ಆದರೆ ಅದರ ಗುಹೆಗಳ ದೃಶ್ಯಗಳು ಸಾವನದುರ್ಗ, ರಾಮನಗರದ ಬಂಡೆಗಳಲ್ಲಿ ಚಿತ್ರೀಕರಣಗೊಂಡವು, ಬೆಂಗಳೂರು ಅರಮನೆಯೂ ಅದರಲ್ಲಿದೆ. ಆ ತಂಡದಲ್ಲಿ ದುಡಿದ ಹಿರಿಯ ತಂತ್ರಜ್ಞರು ಲಂಡನ್ನಿನಲ್ಲೋ ಇಲ್ಲಿಯೋ ಸಿಕ್ಕರೆ ಅವರ ನೆನಪುಗಳನ್ನು ದಾಖಲಿಸುವ ಕೆಲಸ ಬಹಳ ತುರ್ತಿನದು.

ಭೇಟಿ ಹೊಂದಿಸುವ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಚಿತ್ರದ ಪ್ರಚಾರ ನೋಡಿಕೊಳ್ಳುವವರಿಗೆ ಚಿಕ್ಕ, ಸ್ಪಷ್ಟ ಮನವಿ ಕಳಿಸಿ. ಯಾವ ದೃಶ್ಯದ ಬಗ್ಗೆ, ಯಾವ ಓದುಗರಿಗಾಗಿ ಮಾತನಾಡಬೇಕೆಂದಿದ್ದೀರಿ ಎಂದು ಎರಡು ಸಾಲು ಬರೆದರೆ ಅದು ನೂರು ಹೊಗಳಿಕೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಗೋವಾ ಅಥವಾ ಬೆಂಗಳೂರಿನ ಚಿತ್ರೋತ್ಸವದಲ್ಲಾದರೆ ಅತಿಥಿಗಳು ಪ್ರದರ್ಶನದ ನಂತರ ಸಿಗುವ ಸಾಧ್ಯತೆ ಇರುತ್ತದೆ. ಲಂಡನ್ನಿನಲ್ಲಿರುವ ಕನ್ನಡಿಗರು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಚಿತ್ರಮಂದಿರವಾದ ಬಿಎಫ್‌ಐ ಸೌತ್‌ಬ್ಯಾಂಕಿನಲ್ಲಿ ಪ್ರದರ್ಶನದ ಬಳಿಕ ನಡೆಯುವ ಸಂವಾದಗಳಿಗೆ ಹೋಗಿ, ಒಳ್ಳೆಯ ಪ್ರಶ್ನೆ ಹೇಗಿರುತ್ತದೆ ಎಂಬುದನ್ನು ಕಿವಿಯಾರೆ ಕೇಳಬಹುದು. ದೂರದಿಂದ ಮಾತನಾಡುವವರು ಸಮಯದ ಲೆಕ್ಕವನ್ನು ಇನ್ನೊಮ್ಮೆ ನೋಡಿಕೊಳ್ಳಿ: ಭಾರತ ಬ್ರಿಟನ್ನಿಗಿಂತ ಚಳಿಗಾಲದಲ್ಲಿ ಐದೂವರೆ ಗಂಟೆ, ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ ಗಂಟೆ ಮುಂದಿರುತ್ತದೆ. ಹಲವು ಪತ್ರಕರ್ತರನ್ನು ಒಂದೇ ಮೇಜಿಗೆ ಕೂರಿಸುವ ಭೇಟಿಯಲ್ಲಿ ನಿಮಗೆ ಒಂದೋ ಎರಡೋ ಪ್ರಶ್ನೆ ದಕ್ಕಬಹುದು. ಅಲ್ಲಿಗೆ ನಿಮ್ಮ ಅತ್ಯುತ್ತಮ ಪ್ರಶ್ನೆಯನ್ನೇ ಮೊದಲಿಗಿಟ್ಟುಕೊಂಡು ಹೋಗಿ. ರೆಕಾರ್ಡ್ ಮಾಡಲು ಅನುಮತಿ ಕೇಳಿ, ಎರಡು ಸಾಧನಗಳಲ್ಲಿ ದಾಖಲಿಸಿ.

ಮಾತಿಗೆ ಕೂತ ಮೇಲೆ ಪ್ರಶ್ನೆಯನ್ನು ಚಿಕ್ಕದಾಗಿಡಿ. ಪ್ರಶ್ನೆಯೊಳಗೇ ನಿಮ್ಮ ವಿಶ್ಲೇಷಣೆಯನ್ನು ತುಂಬಿದರೆ ಎದುರಿನವರಿಗೆ ಹೌದೆನ್ನುವುದೊಂದೇ ಉಳಿಯುತ್ತದೆ. ಉತ್ತರ ಮುಗಿಯಿತೆಂದು ತೋರಿದಾಗ ಕೂಡಲೇ ಮುಂದಿನದಕ್ಕೆ ಜಿಗಿಯದೆ ಸ್ವಲ್ಪ ತಡೆಯಿರಿ, ಎಷ್ಟೋ ಸಲ ಎರಡನೆಯ ಉತ್ತರವೇ ನಿಜವಾದ ಉತ್ತರವಾಗಿರುತ್ತದೆ. ನಿಮ್ಮ ಇಂಗ್ಲಿಷ್ ನಿರರ್ಗಳವಾಗಿಲ್ಲ ಎಂಬ ಅಳುಕಿದ್ದರೆ, ಸಿನಿಮಾ ಕುರಿತು ಈವರೆಗೆ ನಡೆದ ಅತ್ಯಂತ ಪ್ರಸಿದ್ಧ ಸಂವಾದ ದುಭಾಷಿಯ ಮೂಲಕವೇ ನಡೆಯಿತೆಂಬುದನ್ನು ನೆನೆಯಿರಿ. 1962ರ ಆಗಸ್ಟ್‌ನಲ್ಲಿ ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರೂಫೋ, ಲಂಡನ್ನಿನಲ್ಲಿ ಹುಟ್ಟಿ ಬೆಳೆದ ಆಲ್ಫ್ರೆಡ್ ಹಿಚ್‌ಕಾಕ್ ಅವರೊಡನೆ ಹಾಲಿವುಡ್ಡಿನಲ್ಲಿ ಒಂದು ವಾರ ಮಾತನಾಡಿದರು; ನಡುವೆ ಕೂತು ಎರಡೂ ಕಡೆಯ ಮಾತನ್ನು ತಲುಪಿಸಿದವರು ಹೆಲೆನ್ ಸ್ಕಾಟ್. ಒಂದೊಂದೇ ಚಿತ್ರವನ್ನು ಅನುಕ್ರಮವಾಗಿ ಹಿಡಿದು, ಹೀಗೇಕೆ ಮಾಡಿದಿರಿ, ಹೇಗೆ ಮಾಡಿದಿರಿ ಎಂದು ಕೇಳುತ್ತ ಹೋದದ್ದರಿಂದಲೇ ಆ ಸಂವಾದಕ್ಕೆ ಅಷ್ಟು ತೂಕ ಬಂತು.

ಅಹಿತಕರ ಪ್ರಶ್ನೆಗಳನ್ನೂ ಕೇಳಬೇಕು, ಕೇಳುವ ರೀತಿಯಲ್ಲಿ ಕೇಳಬೇಕು. ಲೋಚ್ ಅವರ 1969ರ ‘ಕೆಸ್’ ಚಿತ್ರದಲ್ಲಿ ಮುಖ್ಯೋಪಾಧ್ಯಾಯರು ಹುಡುಗರ ಅಂಗೈಗೆ ಬೆತ್ತದಿಂದ ಹೊಡೆಯುವ ದೃಶ್ಯವಿದೆ; ಆ ಏಟುಗಳು ನಿಜವಾದವು. ನಟರಿಂದ ನಿಜವಾದ ಪ್ರತಿಕ್ರಿಯೆ ಪಡೆಯುವ ವಿಧಾನವನ್ನು ಮೆಚ್ಚುವವರು, ಅದು ಮಕ್ಕಳ ಮೇಲೆ ಪ್ರಯೋಗವಾದಾಗ ಎಲ್ಲಿ ನಿಲ್ಲಬೇಕಿತ್ತು ಎಂದು ಕೇಳದೆ ಬಿಡುವುದು ನನ್ನ ದೃಷ್ಟಿಯಲ್ಲಿ ಕರ್ತವ್ಯಲೋಪ. ಇಂಥ ಪ್ರಶ್ನೆಯನ್ನು ಮಾತುಕತೆಯ ಮೂರನೆಯ ಎರಡು ಭಾಗ ಮುಗಿದ ಮೇಲೆ, ಆರೋಪದ ದನಿಯಿಲ್ಲದೆ, ದೃಶ್ಯದ ಹೆಸರು ಹಿಡಿದು ಕೇಳಿ. ಉತ್ತರಿಸಲು ಒಪ್ಪದಿದ್ದರೆ, ಒಪ್ಪಲಿಲ್ಲ ಎಂದಷ್ಟೇ ಬರೆಯಿರಿ.

ಬರೆಯುವಾಗ ಧ್ವನಿಮುದ್ರಿಕೆಯನ್ನು ಪೂರ್ತಿ ಅಕ್ಷರಕ್ಕಿಳಿಸಿದ ಮೇಲೆಯೇ ಕನ್ನಡಕ್ಕೆ ತನ್ನಿ. ಕೇಳುತ್ತಲೇ ಕನ್ನಡಿಸಿದರೆ ನಿಮಗೆ ಹಿತವಾದ ಮಾತುಗಳಷ್ಟೇ ಉಳಿದುಕೊಳ್ಳುತ್ತವೆ. ಪುನರುಕ್ತಿ ತೆಗೆಯಬಹುದು, ಉತ್ತರಗಳ ಸ್ಥಾನ ಬದಲಿಸಬಹುದು, ಆದರೆ ಒಂದು ಪ್ರಶ್ನೆಗೆ ಕೊಟ್ಟ ಉತ್ತರವನ್ನು ಇನ್ನೊಂದರ ಕೆಳಗೆ ಜೋಡಿಸಬಾರದು. ಮೂರನೆಯವರ ಬಗ್ಗೆ ಆಡಿದ ಆಪಾದನೆಯ ಮಾತನ್ನು ಸ್ವತಂತ್ರವಾಗಿ ಪರಿಶೀಲಿಸದೆ ಅಚ್ಚು ಹಾಕಬೇಡಿ. ವರ್ಷ, ಹೆಸರು, ಲೆನ್ಸಿನ ಅಳತೆಯಂಥ ತಾಂತ್ರಿಕ ವಿವರಗಳಿರುವ ಸಾಲುಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಅವರಿಗೆ ಕಳಿಸಿ ಖಚಿತಪಡಿಸಿಕೊಳ್ಳಿ. ಇಡೀ ಲೇಖನವನ್ನು ಒಪ್ಪಿಗೆಗಾಗಿ ಕಳಿಸುವುದು ಬೇಡ. ಪ್ರಕಟವಾದ ಮೇಲೆ ಒಂದು ಪ್ರತಿ ಕಳಿಸಿಕೊಡಿ, ಜೊತೆಗೆ ಕನ್ನಡ ಓದುಗರು ಅವರ ಚಿತ್ರದ ಬಗ್ಗೆ ಕೇಳಿದ ಒಂದೆರಡು ಪ್ರಶ್ನೆಗಳನ್ನೂ ಸೇರಿಸಿ. ಎರಡನೆಯ ಸಂದರ್ಶನಕ್ಕೆ ಅವರು ಒಪ್ಪುವುದು ಹೆಚ್ಚಾಗಿ ಆ ಪ್ರಶ್ನೆಗಳಿಂದಲೇ.