ಮೀನಿನ ಟ್ಯಾಂಕ್ ಎಷ್ಟು ದೊಡ್ಡದು? ಸೊಪ್ಪಿನಿಂದ ಶುರುವಾದ ಲೆಕ್ಕ

ಅಕ್ವಾಪೋನಿಕ್ಸ್ ಅಂದರೆ ಮೀನಿನ ಟ್ಯಾಂಕಿನ ನೀರನ್ನೇ ಗಿಡಕ್ಕೆ ಹರಿಸಿ, ಮೀನಿನ ಕಸವನ್ನೇ ಗೊಬ್ಬರ ಮಾಡಿಕೊಂಡು ಮೀನು, ಸೊಪ್ಪು ಎರಡನ್ನೂ ಒಟ್ಟಿಗೆ ಬೆಳೆಸುವುದು. ಅದನ್ನು ಮಾಡುವವರು ಸಾಮಾನ್ಯವಾಗಿ ಮೊದಲು ಟ್ಯಾಂಕ್ ತರುತ್ತಾರೆ. ಎಷ್ಟು ಮೀನು ಹಿಡಿಸುತ್ತದೆ ಅನ್ನೋ ಯೋಚನೆ ಆಮೇಲೆ. ನಾನು ಸೊಪ್ಪಿನ ಕಡೆಯಿಂದ ಲೆಕ್ಕ ಹಾಕಿದೆ. ಮೈಸೂರಿನ ನಮ್ಮ ಹಿತ್ತಲಲ್ಲಿ ಮೂರು ಚದರ ಮೀಟರಿನಷ್ಟು ಪಾಲಕ್, ದಂಟು, ಪುದೀನ ಬೆಳೆಯಬೇಕು. ಮನೆಗೆ ಅಷ್ಟು ಸಾಕು.

ಸೊಪ್ಪಿಗೆ ಗೊಬ್ಬರ ಕೊಡುವುದು ಮೀನಿನ ಸಂಖ್ಯೆಯಲ್ಲ, ಮೀನಿಗೆ ನಾವು ಹಾಕುವ ತಿಂಡಿ. ಒಂದು ಚದರ ಮೀಟರ್ ಸೊಪ್ಪಿಗೆ ದಿನಕ್ಕೆ 40–50 ಗ್ರಾಂ ತಿಂಡಿ ಬೇಕು ಅನ್ನುವುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒ ಕೊಡುವ ಲೆಕ್ಕ. ಹಾಗಾದರೆ ನನಗೆ ದಿನಕ್ಕೆ ಸುಮಾರು 150 ಗ್ರಾಂ. ಬೆಳೆದ ಮೀನು ದಿನಕ್ಕೆ ತನ್ನ ತೂಕದ ಶೇ. 1–2ರಷ್ಟು ತಿನ್ನುತ್ತದೆ. ಶೇ. 1.5 ಅಂತ ಹಿಡಿದರೆ 10 ಕೆಜಿ ಮೀನು. ಮನೆಮಟ್ಟಿನಲ್ಲಿ 1000 ಲೀಟರಿಗೆ 20 ಕೆಜಿ ದಾಟಬಾರದು ಅನ್ನುತ್ತಾರೆ. ಅಂದರೆ 500 ಲೀಟರ್ ಸಾಕು, ಅಲ್ವಾ?

ಸಾಕಾಗಲ್ಲ. ಸೊಪ್ಪಿನ ಮಡಿ ಅಂದರೆ ಜಲ್ಲಿ ತುಂಬಿದ ತೊಟ್ಟಿ, ಒಂದು ಅಡಿ ಆಳ. ನನ್ನದು ಅಂಥ ಎರಡು ಮಡಿ. ಪಂಪ್ ಅದಕ್ಕೆ ನೀರು ಎತ್ತುತ್ತದೆ, ಮಡಿ ತುಂಬಿದ ಮೇಲೆ ಬೆಲ್ ಸೈಫನ್ ಅನ್ನುವ ಪೈಪ್ ಜೋಡಣೆ ತಾನಾಗಿಯೇ ಎಲ್ಲವನ್ನೂ ವಾಪಸ್ ಸುರಿಯುತ್ತದೆ. ಮಡಿಯಲ್ಲಿ 25 ಸೆಂ.ಮೀ. ನೀರು ಏರುತ್ತದೆ, ಜಲ್ಲಿಯ ಸಂದು ಸುಮಾರು ಶೇ. 40. ಮೂರು ಚದರ ಮೀಟರಿಗೆ ಲೆಕ್ಕ ಹಾಕಿದರೆ 300 ಲೀಟರ್. ಎರಡು ಮಡಿಯೂ ಒಟ್ಟಿಗೆ ತುಂಬಿದ ಹೊತ್ತಿನಲ್ಲಿ 500 ಲೀಟರ್ ಟ್ಯಾಂಕಿನಲ್ಲಿ ಉಳಿಯುವುದು ಬರೀ 200. ಮೀನು ಅಷ್ಟರಲ್ಲಿ ಒದ್ದಾಡಬೇಕು. ಅದಕ್ಕೇ 1000 ಲೀಟರ್ ಗಟ್ಟಿ ಮಾಡಿಕೊಂಡೆ. ನೀರು ಜಾಸ್ತಿ ಇದ್ದರೆ ಬಿಸಿಯೂ ಅಮೋನಿಯಾವೂ ಬೇಗ ಏರುವುದಿಲ್ಲ, ನಮಗೆ ಸರಿಮಾಡಲು ಸಮಯ ಸಿಗುತ್ತದೆ.

ತಾರಸಿ ಮೇಲೆ ಇಡೋಣ ಅಂತ ತಮ್ಮ ಹೇಳಿದ. ಮನೆಯ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕೆಜಿ ಭಾರಕ್ಕೆ ಲೆಕ್ಕ ಹಾಕಿ ಕಟ್ಟುತ್ತಾರೆ. ನನ್ನ ಟ್ಯಾಂಕ್ ಸುಮಾರು ಒಂದು ಚದರ ಮೀಟರ್ ಜಾಗದಲ್ಲಿ ಒಂದು ಟನ್ ಕೂರಿಸುತ್ತದೆ. ಇನ್ನು ಜಲ್ಲಿಯ ತೂಕ ಬೇರೆ. ತಾರಸಿಯಲ್ಲೇ ಮಾಡಬೇಕು ಅನ್ನುವವರು ಮೊದಲು ಎಂಜಿನಿಯರ್ ಕೈಲಿ ನೋಡಿಸಿ. ನನಗೆ ಹಿತ್ತಲೇ ಸರಿ ಅನ್ನಿಸಿತು.

ಗುಜರಿಯಲ್ಲಿ ಐಬಿಸಿ ಟ್ಯಾಂಕ್, ಅಂದರೆ ಕಾರ್ಖಾನೆಗಳು ದ್ರವ ಸಾಗಿಸಲು ಬಳಸುವ, ಕಬ್ಬಿಣದ ಪಂಜರದೊಳಗಿನ ಪ್ಲಾಸ್ಟಿಕ್ ಟ್ಯಾಂಕ್, ಅಗ್ಗಕ್ಕೆ ಸಿಗುತ್ತದೆ. ಆದರೆ ಅದರಲ್ಲಿ ಮೊದಲು ಏನಿತ್ತು ಅಂತ ಗ್ಯಾರಂಟಿ ಕೊಡುವವರು ಯಾರು? ನಾನು ಮನೆ ಮೇಲೆ ಇಡುವ ದುಂಡನೆಯ ಹೊಸ ನೀರಿನ ಟ್ಯಾಂಕನ್ನೇ ತಂದು, ಅಂಚು ಬಿಟ್ಟು ಬಾಯಿಯನ್ನು ಅಗಲಕ್ಕೆ ಕುಯ್ಯಿಸಿದೆ. ಅಂಚು ತೆಗೆದರೆ ಗೋಡೆ ಉಬ್ಬುತ್ತದೆ. ದುಂಡಗಿದ್ದರೆ ಇನ್ನೊಂದು ಲಾಭ: ವಾಪಸ್ ಬರುವ ಪೈಪನ್ನು ಗೋಡೆಗೆ ಓರೆಯಾಗಿ ತಿರುಗಿಸಿದರೆ ನೀರು ಸುತ್ತುತ್ತದೆ, ಕಸವೆಲ್ಲ ನಡುವೆ ಸೇರುತ್ತದೆ. ವಾರಕ್ಕೊಮ್ಮೆ ಪೈಪ್ ಹಾಕಿ ಅದನ್ನು ಎಳೆದು ಕರಿಬೇವಿನ ಗಿಡಕ್ಕೆ ಬಿಡುತ್ತೇನೆ. ಬೆಳಕು ಒಳಗೆ ಹೋದರೆ ಪಾಚಿ ಕಟ್ಟುತ್ತದೆ, ಕಪ್ಪು ಪ್ಲಾಸ್ಟಿಕ್ಕಿಗೆ ಆ ಕಾಟ ಕಮ್ಮಿ. ಬಿಸಿಲಿಗೆ ಕಾಯದಿರಲಿ ಅಂತ ಹೊರಗೆ ಬಿಳಿ ಬಣ್ಣ ಬಳಿದೆ.

ನಿಜವಾಗಿ ತಲೆಬಿಸಿ ಆಗಿದ್ದು ಎತ್ತರದ ವಿಷಯ. ನೀರು ತಾನಾಗಿ ವಾಪಸ್ ಬರಬೇಕಾದರೆ ಮಡಿಯ ತಳ ಟ್ಯಾಂಕಿನ ಬಾಯಿಗಿಂತ ಮೇಲಿರಬೇಕು. ಟ್ಯಾಂಕೇ ಮೂರೂವರೆ ಅಡಿ. ಅದರ ಮೇಲೆ ಒಂದಡಿ ಆಳದ ಮಡಿ ಇಟ್ಟರೆ ಅಮ್ಮ ಸೊಪ್ಪು ಕೊಯ್ಯಲು ಸ್ಟೂಲ್ ಹತ್ತಬೇಕು! ಟ್ಯಾಂಕನ್ನು ಒಂದೂವರೆ ಅಡಿ ಹೂಳಿಸಿದೆ. ತಳಕ್ಕೆ ಮರಳು ಹಾಸಿ ಮಟ್ಟ ಮಾಡಿ, ಒಳಗೆ ನೀರು ತುಂಬುತ್ತಾ ಹೋದ ಹಾಗೆ ಸುತ್ತ ಮಣ್ಣು ತುಂಬಿದೆವು. ಖಾಲಿ ಇಟ್ಟು ಮಣ್ಣು ತುಂಬಿದರೆ ಗೋಡೆ ಒಳಗೆ ಬಾಗುತ್ತದೆ, ಮಳೆ ನೀರು ಗುಂಡಿಗೆ ನಿಂತರೆ ಟ್ಯಾಂಕೇ ತೇಲುತ್ತದೆ. ಮಣ್ಣಿನೊಳಗೆ ನೀರು ತಂಪಾಗಿಯೂ ಇರುತ್ತದೆ.

ಟ್ಯಾಂಕಿನ ನೀರು ಗಂಟೆಗೊಮ್ಮೆ ಪೂರ್ತಿ ಸುತ್ತಬೇಕು. ಪಂಪಿನ ಡಬ್ಬಿಯ ಮೇಲೆ ಬರೆದಿರುವ ಲೀಟರ್ ಎತ್ತರಕ್ಕೆ ತಳ್ಳದೇ ಇದ್ದಾಗಿನದು, ಹಾಗಾಗಿ 1000 ಬೇಕಿದ್ದರೂ 2000 ಲೀಟರಿನ ಪಂಪ್ ತಂದೆ. ಅದನ್ನು ತಳದಲ್ಲಿ ಇಡದೆ ಇಟ್ಟಿಗೆ ಮೇಲೆ ಕೂರಿಸಿದೆ. ಎಲ್ಲಾದರೂ ಪೈಪ್ ಬಿಟ್ಟುಕೊಂಡರೂ ಇಟ್ಟಿಗೆಯ ಮಟ್ಟದಷ್ಟು ನೀರು ಮೀನಿಗೆ ಉಳಿಯುತ್ತದೆ. ಕರೆಂಟ್ ಹೋದರೆ ಅಂತ ಬ್ಯಾಟರಿಯ ಏರ್ ಪಂಪ್ ಬೇರೆ ಇದೆ. ಖರ್ಚು ಉಳಿಸುವುದಿದ್ದರೆ ಬೇರೆ ಕಡೆ ಉಳಿಸಿ. ಹಾಗೇ ಜಿ.ಐ. (ಸತು ಲೇಪಿಸಿದ ಕಬ್ಬಿಣ) ಮತ್ತು ತಾಮ್ರದ ಫಿಟ್ಟಿಂಗ್ ಬೇಡ. ಸತು, ತಾಮ್ರ ಎರಡೂ ಮೀನಿಗೆ ವಿಷ. ಎಲ್ಲ ಪಿವಿಸಿ.

ಯಾವ ಮೀನು? ಗಿಫ್ಟ್ ಅನ್ನುವ ಸುಧಾರಿತ ತಳಿಯ ತಿಲಾಪಿಯಾ ಸಾಕಲು ಸರ್ಕಾರದ ಅನುಮತಿ ಬೇಕು, ಆಫ್ರಿಕನ್ ಕ್ಯಾಟ್‌ಫಿಶ್‌ಗೆ ನಿಷೇಧವೇ ಇದೆ. ಸಾಮಾನ್ಯ ಗೆಂಡೆ ಬಿಡೋಣ ಅಂದುಕೊಂಡೆ. "ದಿನಾ ಕೈಯಾರೆ ತಿಂಡಿ ಹಾಕಿದ್ದನ್ನ ಸಾರು ಮಾಡ್ತೀಯೇನೋ?" ಅಂದರು ಅಮ್ಮ. ಸರಿ, ಅಂದಕ್ಕೆ ಸಾಕುವ ಬಣ್ಣದ ಮೀನು ಕೋಯಿ ತಂದೆ. ಅದೂ ಗೆಂಡೆಯ ಜಾತಿಯೇ, ಲೆಕ್ಕ ಬದಲಾಗುವುದಿಲ್ಲ. ಬೆಳೆದ ಮೇಲೆ ಅರ್ಧ ಕೆಜಿಯ 20 ಮೀನು ಅಂದರೆ 10 ಕೆಜಿ.

ನಲ್ಲಿ ನೀರಿನ ಕ್ಲೋರಿನ್ ಹೋಗಲು ಏರ್ ಪಂಪ್ ಹಾಕಿ ಎರಡು ದಿನ ಬಿಟ್ಟೆ. ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಜಲ್ಲಿಯಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಟೆಸ್ಟ್ ಕಿಟ್‌ನಲ್ಲಿ ಮೊದಲಿನ ಎರಡೂ ಸೊನ್ನೆಗೆ ಇಳಿದ ಮೇಲೆಯೇ ಮರಿ ಬಿಟ್ಟಿದ್ದು. ಮರಿಗಳು ಚಿಕ್ಕವಿದ್ದಾಗ 150 ಗ್ರಾಂ ಎಲ್ಲಿ ತಿಂತಾವೆ? ಅದಕ್ಕೇ ಒಂದು ಮಡಿಯಲ್ಲಿ ಮಾತ್ರ ಪುದೀನ ನೆಟ್ಟು, ಇನ್ನೊಂದರ ಜಲ್ಲಿಯಲ್ಲಿ ಸುಮ್ನೆ ನೀರು ಓಡಲು ಬಿಟ್ಟೆ. ತಿಂಡಿ 80 ಗ್ರಾಂ ದಾಟಿದ ಮೇಲೆ ಅಲ್ಲೂ ದಂಟು ಹಾಕಿದೆ.