ಥ್ಯಾಕರೆ ಎಂಬ ಅಡ್ಡಹೆಸರಿನ ಊರು ಹುಡುಕಿದ್ದು

ಕಿತ್ತೂರಿನ ಕತೆ ಕೇಳಿ ಬೆಳೆದವರಿಗೆ ಥ್ಯಾಕರೆ ಎಂದರೆ ಧಾರವಾಡದ ಕಲೆಕ್ಟರ್. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಅಮಟೂರ ಬಾಳಪ್ಪನ ಗುಂಡಿಗೆ ಬಿದ್ದವನು. ಪೂರ್ತಿ ಹೆಸರು ಸೇಂಟ್ ಜಾನ್ ಥ್ಯಾಕರೆ. ನಮ್ಮ ಪುಸ್ತಕಗಳು ಅವನನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗುತ್ತವೆ. ಮನೆತನಗಳ ಹೆಸರು ಬೆನ್ನುಹತ್ತುವ ಹವ್ಯಾಸ ನನ್ನದಾದ್ದರಿಂದ ಈ ಹೆಸರು ಎಲ್ಲಿಂದ ಹೊರಟು ಕಿತ್ತೂರಿನವರೆಗೆ ಬಂತು ಎಂದು ತಿಳಿಯುವ ಆಸೆ ಬಹಳ ಕಾಲದಿಂದ ಇತ್ತು.

ಇಂಥ ಕೆಲಸದಲ್ಲಿ ನಾನು ಹಿಡಿಯುವ ಕ್ರಮ ಒಂದೇ: ಗೊತ್ತಿರುವ ಕೊನೆಯ ಮನುಷ್ಯನಿಂದ ಹಿಂದಕ್ಕೆ ನಡೆಯುವುದು. ಹೆಸರಿನ ಅರ್ಥಕ್ಕೆ ಮೊದಲೇ ಕೈಹಾಕಬಾರದು. ಈಸ್ಟ್ ಇಂಡಿಯಾ ಕಂಪನಿಯ ಕಾಲದವರನ್ನು ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಬಂಗಾಳ, ಮದ್ರಾಸ್, ಮುಂಬೈ ಮೂರೂ ಪ್ರಾಂತ್ಯಗಳ ಇಗರ್ಜಿಗಳಲ್ಲಿ ಬರೆದಿಟ್ಟ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ಪಟ್ಟಿಗಳ ಪ್ರತಿ ಲಂಡನ್ನಿಗೆ ಹೋಗುತ್ತಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ.

ಈ ಮನೆಯಲ್ಲಿ ತೊಡಕಾಗುವುದು ಒಂದೇ ಹೆಸರಿನವರ ಸಾಲು. ಸೇಂಟ್ ಜಾನ್‌ನ ತಂದೆ, ಅಂದರೆ ಈ ಸಾಲಿನ ತಾತ, ವಿಲಿಯಂ ಮೇಕ್‌ಪೀಸ್ ಥ್ಯಾಕರೆ ಬಂಗಾಳದ ಸಿಲ್ಹೆಟ್‌ನಲ್ಲಿ ಕಂಪನಿಯ ಅಧಿಕಾರಿ, ಆನೆ ಹಿಡಿಸಿ ಕಂಪನಿಗೇ ಮಾರಿ ಹಣ ಮಾಡಿದವನು. ಅವನ ಒಬ್ಬ ಮಗನೂ ವಿಲಿಯಂ. ಕಲ್ಕತ್ತದಲ್ಲಿ 1811ರಲ್ಲಿ ಹುಟ್ಟಿ ಮುಂದೆ ಕಾದಂಬರಿಕಾರನಾಗಿ ಹೆಸರಾದ ಮೊಮ್ಮಗ ಮತ್ತೆ ವಿಲಿಯಂ ಮೇಕ್‌ಪೀಸ್. ಹಾಗಾಗಿ ಒಬ್ಬೊಬ್ಬನಿಗೆ ಒಂದೊಂದು ಹಾಳೆ ಇಟ್ಟು, ಹುಟ್ಟಿದ್ದು, ಸತ್ತದ್ದು, ಎಲ್ಲಿ ನೌಕರಿ ಎಂದು ಬರೆದುಕೊಂಡೆ. ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ ಕರ್ನಾಟಕಕ್ಕೆ ಬಂದ ಥ್ಯಾಕರೆ ಒಬ್ಬನೇ ಅಲ್ಲವೆಂದು ಕಂಡಿತು. ಮಗ ವಿಲಿಯಂ, ಕಂಪನಿಯ ಅಧಿಕಾರಿ ಥಾಮಸ್ ಮನ್ರೋನ ಕೈಕೆಳಗೆ ಪಳಗಿದವನು. ಮಲಬಾರ್, ಕೆನರಾ ಮತ್ತು ಬಳ್ಳಾರಿ ಸೇರಿದ ದತ್ತಮಂಡಲಗಳ ಭೂಕಂದಾಯದ ಬಗ್ಗೆ 1807ರಲ್ಲಿ ವರದಿ ಬರೆದು, ಜಮೀನ್ದಾರಿಗಿಂತ, ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯೇ ಮೇಲೆಂದು ವಾದಿಸಿದ. ಅವನ ತಮ್ಮನೇ ಸೇಂಟ್ ಜಾನ್. ಕಾದಂಬರಿಕಾರನ ತಂದೆ ರಿಚ್‌ಮಂಡ್ ಇವರಿಬ್ಬರ ಒಡಹುಟ್ಟಿದವನು. ಅಂದರೆ ಕಿತ್ತೂರಿನಲ್ಲಿ ಸತ್ತವನು ಕಾದಂಬರಿಕಾರನಿಗೆ ಚಿಕ್ಕಪ್ಪ. ಆಗ ಆ ಹುಡುಗನಿಗೆ ಹದಿಮೂರು ವರ್ಷ, ಲಂಡನ್ನಿನಲ್ಲಿ ಓದುತ್ತಿದ್ದ.

ಸಿಲ್ಹೆಟ್‌ನ ತಾತನಿಂದ ಇನ್ನೂ ಹಿಂದೆ ಹೋದರೆ ಅವನ ತಂದೆ ಥಾಮಸ್ ಥ್ಯಾಕರೆ ಸಿಗುತ್ತಾನೆ. ಪಾದ್ರಿ, 1746ರಿಂದ 1760ರವರೆಗೆ ಹ್ಯಾರೋ ಶಾಲೆಯ ಮುಖ್ಯೋಪಾಧ್ಯಾಯ. ಅವನು ಹುಟ್ಟಿದ್ದು 1693ರಲ್ಲಿ, ಯಾರ್ಕ್‌ಶೈರ್‌ನ ಹ್ಯಾಂಪ್ಸ್‌ತ್ವೇಟ್ ಹಳ್ಳಿಯಲ್ಲಿ. ಇಲ್ಲಿಂದಾಚೆ ಇಗರ್ಜಿಯ ರಿಜಿಸ್ಟರುಗಳೇ ಆಧಾರ. ಇಂಗ್ಲೆಂಡಿನ ಪ್ರತಿ ಪ್ಯಾರಿಷ್, ಅಂದರೆ ಒಂದು ಇಗರ್ಜಿಗೆ ಸೇರಿದ ಸೀಮೆ, ಇಂಥ ಪುಸ್ತಕ ಇಡಬೇಕೆಂಬ ಆಜ್ಞೆ ಹೊರಟಿದ್ದು 1538ರಲ್ಲಿ. ಒಂದು ಎಚ್ಚರ ಮಾತ್ರ ಬೇಕು: 1752ಕ್ಕೆ ಮೊದಲು ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜನವರಿ, ಫೆಬ್ರವರಿಯ ತಾರೀಖು ಕಂಡರೆ ವರ್ಷ ಎರಡು ಸಲ ನೋಡಬೇಕು.

ಇಷ್ಟಾದ ಮೇಲೆ ಕಾಗುಣಿತಗಳ ಪಟ್ಟಿ ಮಾಡಿದೆ: ಥ್ಯಾಕ್ರೇ, ಥ್ಯಾಕ್‌ವ್ರೇ, ಥ್ಯಾಕ್ರಾ, ಥ್ಯಾಕರಿ. ಒಂದೇ ಕಾಗುಣಿತ ಹಾಕಿ ಹುಡುಕುವವರಿಗೆ ಅರ್ಧ ಮನೆತನವೂ ಸಿಗುವುದಿಲ್ಲ. ಪಾದ್ರಿ ಕಿವಿಗೆ ಬಿದ್ದಂತೆ ಬರೆಯುತ್ತಿದ್ದ. 1881ರ ಜನಗಣತಿಯಲ್ಲಿ ಈ ಹೆಸರುಗಳನ್ನು ಹಾಕಿದರೆ ಅವು ಯಾರ್ಕ್‌ಶೈರ್‌ನ ಪಶ್ಚಿಮ ಭಾಗದಲ್ಲೇ ಗುಂಪುಗಟ್ಟಿ ನಿಲ್ಲುತ್ತವೆ. ಕಾರ್ಖಾನೆ ಕೆಲಸದವರ ಕಾಯಿಲೆಗಳ ಬಗ್ಗೆ 1831ರಲ್ಲೇ ಬರೆದ ವೈದ್ಯ ಚಾರ್ಲ್ಸ್ ಟರ್ನರ್ ಥ್ಯಾಕ್ರಾ ಲೀಡ್ಸ್‌ನವನು. ಅದೇ ಊರಿನ ವೈದ್ಯಕೀಯ ವಸ್ತುಸಂಗ್ರಹಾಲಯದ ಹೆಸರೂ ಥ್ಯಾಕ್ರೇ. ಹೀಗೆ ಒಂದೇ ಸೀಮೆಯಲ್ಲಿ ಒತ್ತಾಗಿರುವ ಹೆಸರು ಒಂದೇ ಊರಿನಿಂದ ಹೊರಟಿರುವ ಸಂಭವ ಹೆಚ್ಚು.

ನಮ್ಮ ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮಟೂರ ಬಾಳಪ್ಪ ಎಂದರೆ ಅಮಟೂರಿನ ಬಾಳಪ್ಪ. ಅವನ ಗುಂಡಿಗೆ ಬಿದ್ದವನ ಅಡ್ಡಹೆಸರೂ ಊರಿನದೇ. ಊರೊಳಗೇ ಇರುವವನನ್ನು ಯಾರೂ ಊರಿನ ಹೆಸರಿಟ್ಟು ಕರೆಯುವುದಿಲ್ಲ. ಊರು ಬಿಟ್ಟು ಆಚೆ ಹೋದವನಿಗೆ ಅದು ಅಂಟಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ಅಂಥ ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ನಿಂತದ್ದು ಸುಮಾರಾಗಿ 1400ರ ಹೊತ್ತಿಗೆ. ಅದನ್ನು ಹಿಡಿಯಲು 1379ರ ತಲೆಗಂದಾಯದ ಪಟ್ಟಿಯಷ್ಟು ಒಳ್ಳೆಯ ದಾಖಲೆ ಇನ್ನೊಂದಿಲ್ಲ. ಹದಿನಾರು ದಾಟಿದ ಬಡವನೂ ನಾಲ್ಕು ಪೆನ್ನಿ ಕೊಡಬೇಕಿತ್ತು, ಗಂಡಹೆಂಡಿರಿಗೆ ಸೇರಿ ಒಂದೇ ತೆರಿಗೆ. ಯಾರ್ಕ್‌ಶೈರ್‌ನ ಪಶ್ಚಿಮ ಭಾಗದ ಪಟ್ಟಿ ಉಳಿದು ಅಚ್ಚಾಗಿದೆ. ಊರೂರಿನ ಗೇಣಿದಾರರು, ದರ್ಜಿಗಳು, ಆಳುಮಕ್ಕಳು ಎಲ್ಲ ಅದರಲ್ಲಿದ್ದಾರೆ. ಥ್ಯಾಕ್‌ವ್ರಾ ಎಂಬಂಥ ರೂಪ, ಅದಕ್ಕೆ ಮೊದಲು ‘ಅಲ್ಲಿಂದ ಬಂದವನು’ ಎಂದು ಸೂಚಿಸುವ ‘ಡಿ’ ಎಂಬ ಪದ ಸಿಗುವುದು ಈ ಪಟ್ಟಿಯಲ್ಲೇ. ನನಗೆ ಈ ಇಡೀ ಹುಡುಕಾಟದಲ್ಲಿ ಅತ್ಯಂತ ಖುಷಿ ಕೊಟ್ಟ ದಾಖಲೆ ಅದು.

ಆ ಹಳೆಯ ರೂಪ ಕೈಯಲ್ಲಿದ್ದಾಗ ಮಾತ್ರ ಅರ್ಥಕ್ಕೆ ಹೋಗಬಹುದು. ಎರಡೂ ತುಂಡು ವೈಕಿಂಗರ ನುಡಿಯವು: ‘ಥಾಕ್’ ಎಂದರೆ ಮಾಡಿಗೆ ಹೊದಿಸುವ ಜೊಂಡು, ‘ವ್ರಾ’ ಎಂದರೆ ಮೂಲೆ. ಜೊಂಡು ಬೆಳೆಯುವ ಮೂಲೆ ಎಂದಾಯಿತು.

ಆ ಮೂಲೆ ಇದ್ದದ್ದು ಫ್ಯೂಸ್ಟನ್ ಪ್ಯಾರಿಷ್‌ಗೆ ಸೇರಿದ ಟಿಂಬಲ್ ಎಂಬಲ್ಲಿ, ವಾಶ್‌ಬರ್ನ್ ಹೊಳೆಯ ಕಣಿವೆಯಲ್ಲಿ. ಥಾಮಸ್ ಹುಟ್ಟಿದ ಹ್ಯಾಂಪ್ಸ್‌ತ್ವೇಟ್ ಅಲ್ಲಿಂದ ಹತ್ತು ಕಿಲೋಮೀಟರಿನೊಳಗೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದವರು ಹಳೆಯ ಸರ್ವೆ ನಕ್ಷೆಗಳನ್ನು ಇಂಟರ್‌ನೆಟ್‌ನಲ್ಲಿ ಹಾಕಿದ್ದಾರೆ, ಇಂದಿನ ಉಪಗ್ರಹ ಚಿತ್ರದ ಪಕ್ಕಕ್ಕೇ ಇಟ್ಟು ನೋಡಬಹುದು. 1850ರ ಆಸುಪಾಸಿನ ಹಾಳೆಯಲ್ಲಿ ಕಣಿವೆಯ ತಳದಲ್ಲಿ ಹೊಳೆ ಹರಿಯುತ್ತದೆ, ಎರಡೂ ಬದಿಗೆ ಹೊಲಗಳ ಗಡಿಗೆರೆ. ಉಪಗ್ರಹ ಚಿತ್ರದಲ್ಲಿ ಅದೇ ಜಾಗ ಪೂರ್ತಿ ನೀರು. ಲೀಡ್ಸ್ ನಗರಕ್ಕೆ ಕುಡಿಯುವ ನೀರು ಒದಗಿಸಲು 1870ರ ದಶಕದಲ್ಲಿ ಕಟ್ಟಿದ ಫ್ಯೂಸ್ಟನ್ ಜಲಾಶಯದಲ್ಲಿ ಥ್ಯಾಕ್ರೇ ಎಂಬ ಆ ಜಾಗ ಮುಳುಗಿತು.

ಮಹಾರಾಷ್ಟ್ರದ ಠಾಕ್ರೆಯವರಿಗೂ ಇವರಿಗೂ ಏನು ಸಂಬಂಧ ಎಂದು ಬಹಳ ಜನ ಕೇಳುತ್ತಾರೆ. ರಕ್ತಸಂಬಂಧ ಇಲ್ಲ. ಕಾದಂಬರಿಕಾರನ ಮೇಲಿನ ಮೆಚ್ಚುಗೆಯಿಂದ ಬಾಳ ಠಾಕ್ರೆಯವರ ತಂದೆ ಕೇಶವ ಸೀತಾರಾಮ ಠಾಕ್ರೆಯವರು ಆ ಇಂಗ್ಲಿಷ್ ಕಾಗುಣಿತವನ್ನು ತಮ್ಮ ಹೆಸರಿಗೆ ಇಟ್ಟುಕೊಂಡರು, ಅಷ್ಟೇ.

ಈಗ ಇದೇ ದಾರಿಯಲ್ಲಿ ಸ್ಯಾಂಕಿ ಹೆಸರನ್ನು ಹಿಡಿದಿದ್ದೇನೆ. ಬೆಂಗಳೂರಿನ ಸ್ಯಾಂಕಿ ಕೆರೆಯನ್ನು 1882ರಲ್ಲಿ ಕಟ್ಟಿಸಿದ ರಿಚರ್ಡ್ ಸ್ಯಾಂಕಿ ಹುಟ್ಟಿದ್ದು ಐರ್ಲೆಂಡಿನಲ್ಲಾದರೂ ಹೆಸರು ಲ್ಯಾಂಕಶೈರ್‌ನದು. ವಾರಿಂಗ್ಟನ್ ಪಕ್ಕದಲ್ಲಿ ಗ್ರೇಟ್ ಸ್ಯಾಂಕಿ ಎಂಬ ಊರು, ಸ್ಯಾಂಕಿ ಎಂಬ ಹಳ್ಳ ಎರಡೂ ಇವೆ. ಐರ್ಲೆಂಡಿನ ಕಡೆಯ ರಿಜಿಸ್ಟರುಗಳಿಂದ ಶುರು ಮಾಡಿದ್ದೇನೆ.