ಸೊಳ್ಳೆಗೆ ನಾವೇ ಇಟ್ಟ ನೀರು

ಮಳೆಗಾಲದಲ್ಲಿ ಶಿರಸಿ ಕಡೆಯ ತೋಟದ ಮನೆಯವರಿಗೆ ‘ಎಲ್ಲೂ ನೀರು ನಿಲ್ಲಲು ಬಿಡಬೇಡಿ’ ಅಂದರೆ ಏನು ಮಾಡೋದು ಹೇಳಿ? ಆಶಾ ಕಾರ್ಯಕರ್ತೆ ಪ್ರತಿ ವರ್ಷ ಬಂದು ಹೇಳುತ್ತಾರೆ. ಹೇಳುವುದು ಸರಿಯೇ. ಹಳೇ ಟಯರು, ಒಡೆದ ಕೊಡ, ಕೊಳೆಮದ್ದು ಹೊಡೆದು ಹಾಗೇ ಬಿಟ್ಟ ಬ್ಯಾರೆಲ್ಲು, ತೆಂಗಿನ ಗರಟೆ ಇವನ್ನೆಲ್ಲ ಮಗುಚಿ ಹಾಕಬಹುದು. ಆದರೆ ಅಡಿಕೆ ಹಾಳೆ? ದಿನಾ ಬೀಳುತ್ತದೆ, ಬಿದ್ದ ಕಡೆ ನೀರು ಹಿಡಿದುಕೊಂಡು ಕೂರುತ್ತದೆ. ಹಗಲು ಹೊತ್ತು ಕಚ್ಚುವ, ಕಾಲ ಮೇಲೆ ಬಿಳಿ ಪಟ್ಟೆಯಿರುವ ಈಡಿಸ್ ಸೊಳ್ಳೆಗೆ ಅಷ್ಟು ನೀರು ಧಾರಾಳ ಸಾಕು. ಡೆಂಗಿ, ಚಿಕೂನ್‌ಗುನ್ಯಾ ಹರಡುವುದು ಇದೇ ಸೊಳ್ಳೆ. 2006ರಲ್ಲಿ ರಾಜ್ಯದಲ್ಲೆಲ್ಲ ಚಿಕೂನ್‌ಗುನ್ಯಾ ಎದ್ದಾಗ ಗಂಟು ಗಂಟು ಹಿಡಿದು, ಗೋಡೆ ಹಿಡಿದು ನಡೆಯುತ್ತಿದ್ದವರನ್ನು ಕಂಡವನು ನಾನು. ಹಾಗಾಗಿ ಇದನ್ನು ಸುಮ್ನೆ ಬಿಡಲು ಮನಸ್ಸಾಗುವುದಿಲ್ಲ.

ಹೊಗೆ ಹೊಡೆಸೋದು ನನಗೆ ಬೇಡವಾಗಿತ್ತು. ಮನೆ ಹಿಂದೆ ತುಡುವೆ ಜೇನಿನ ಪೆಟ್ಟಿಗೆಗಳಿವೆ, ಗೋಡೆ ಸಂದಿಯಲ್ಲಿ ಮಿಸರಿ ಜೇನಿದೆ. ಸೊಳ್ಳೆ ಕೊಲ್ಲುವ ಹೊಗೆ ಜೇನನ್ನೂ ಬಿಡುವುದಿಲ್ಲ. ಮೇಲಾಗಿ ಅದು ಹಾರುವ ಸೊಳ್ಳೆಗಷ್ಟೇ. ನೀರಲ್ಲಿರುವ ಮರಿಗಳು ನಾಲ್ಕು ದಿನ ಬಿಟ್ಟು ಎದ್ದು ಬರುತ್ತವೆ.

ಅದಕ್ಕೇ ತಿರುಗಾಮುರುಗಾ ಮಾಡಿದೆ. ತೆಗೆಯಲು ಆಗುವ ನೀರನ್ನೆಲ್ಲ ತೆಗೆದು, ಮೊಟ್ಟೆಯಿಡಲು ಬರುವ ಸೊಳ್ಳೆಗೆ ನಾನೇ ಬಕೆಟ್ಟಿನಲ್ಲಿ ನೀರಿಟ್ಟೆ. ಬರಲಿ, ಅಲ್ಲೇ ಮೊಟ್ಟೆಯಿಡಲಿ, ಆದರೆ ಅಲ್ಲಿಂದ ಒಂದೂ ಮೇಲೇಳಬಾರದು. ಇಷ್ಟೇ ಲೆಕ್ಕ. ‘ನೀರಿಟ್ಟು ಸೊಳ್ಳೆನ ಕರಿತ್ಯಾ ತಮಾ?’ ಅಂತ ಆಯಿ ಗಾಬರಿಯಾಗಿ ಕೇಳಿದಳು. ಹೌದು, ಕರೆಯೋದೇ.

ಬಕೆಟ್ ಕಪ್ಪು ಬಣ್ಣದ್ದಾದರೆ ಒಳ್ಳೆಯದು, ಈಡಿಸ್‌ಗೆ ಕಪ್ಪು ಇಷ್ಟ. ಅಂಚಿನಿಂದ ನಾಲ್ಕು ಬೆರಳು ಕೆಳಗೆ ಒಂದು ತೂತು ಕೊರೆದು ಬಲೆ ತುಂಡು ಅಂಟಿಸಿದ್ದೇನೆ. ನಮ್ಮ ಮಳೆಗೆ ಇದು ಬೇಕೇ ಬೇಕು. ಇಲ್ಲದಿದ್ದರೆ ಬಕೆಟ್ ತುಂಬಿ ಹರಿದು, ಮರಿಗಳೂ ನೀರಿನ ಜತೆ ಅಂಗಳಕ್ಕೆ ಹೋಗುತ್ತವೆ. ಒಳಗೆ ಒಂದು ಹಿಡಿ ಬತ್ತದ ಹುಲ್ಲು. ಹುಲ್ಲು ಕೊಳೆತ ನೀರಿನ ವಾಸನೆಗೆ ಸೊಳ್ಳೆ ಹುಡುಕಿಕೊಂಡು ಬರುತ್ತದೆ. ಹಲ್ಲಿ, ಅಳಿಲು ಬಿದ್ದರೆ ಹತ್ತಿ ಬರಲಿ ಅಂತ ಅಡಿಕೆ ದಬ್ಬೆಯ ಒಂದು ತುಂಡನ್ನು ಓರೆಯಾಗಿ ಇಟ್ಟಿದ್ದೇನೆ. ಬಕೆಟ್ ಇರುವುದು ನೆರಳಲ್ಲಿ, ಗಾಳಿ ಜಾಸ್ತಿ ಆಡದ ಜಾಗದಲ್ಲಿ: ಕೊಟ್ಟಿಗೆ ಹಿಂದೆ, ಬಚ್ಚಲ ಗೋಡೆ ಪಕ್ಕ, ತೋಟಕ್ಕೆ ಇಳಿಯುವಲ್ಲಿ. ನಾವು ಕೂರುವ ಜಗಲಿಯಿಂದ ದೂರ.

ಈ ನೀರಿಗೆ ಹಾಕುವುದರಲ್ಲಿ ಮುಖ್ಯವಾದದ್ದು ಬಿಟಿಐ (ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್). ಇದು ಒಂದು ಬ್ಯಾಕ್ಟೀರಿಯಾ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಹೊಂಡವೊಂದರಲ್ಲಿ, ಸತ್ತ ಸೊಳ್ಳೆಮರಿಗಳ ನಡುವೆ ಸಿಕ್ಕಿದ್ದು. ಮರಿ ಇದನ್ನು ತಿಂದರೆ ಅದರ ಹೊಟ್ಟೆಯೊಳಗಿನ ಕ್ಷಾರಕ್ಕೆ ಬ್ಯಾಕ್ಟೀರಿಯಾದ ವಿಷದ ಹರಳು ಕರಗಿ, ಕರುಳು ಒಡೆಯುತ್ತದೆ. ಸಂಜೆ ಹಾಕಿದರೆ ಮರುದಿನಕ್ಕೆ ಮರಿಗಳು ತಳದಲ್ಲಿ. ಕಪ್ಪೆಮರಿ, ಮೀನು, ಜೇನು, ದನ ಯಾವುದಕ್ಕೂ ತೊಂದರೆಯಿಲ್ಲ. ಪುಡಿಯಾಗಿಯೂ ದ್ರವವಾಗಿಯೂ ಬರುತ್ತದೆ. ಎಷ್ಟು ಹಾಕಬೇಕು ಅನ್ನುವುದಕ್ಕೆ ಡಬ್ಬಿಯ ಮೇಲಿನ ಅಳತೆಯನ್ನೇ ನಂಬಿ. ಕೊಳೆತ ನೀರಿನಲ್ಲಿ ಇದರ ಶಕ್ತಿ ಬೇಗ ಇಳಿಯುತ್ತದೆ, ಬಿಸಿಲಿಗೂ ಅಷ್ಟೆ. ಹಾಗಾಗಿ ನಾನು ವಾರ ವಾರ ಹಾಕುತ್ತೇನೆ. ಒಂದು ಮಾತು, ಸೊಳ್ಳೆಯಾಗುವ ಮುಂಚಿನ ಪ್ಯೂಪಾ ಹಂತಕ್ಕೆ ಬಂದು ಬೆನ್ನು ಬಗ್ಗಿಸಿಕೊಂಡು ಉರುಳಾಡುವ ಹುಳಕ್ಕೆ ಇದು ನಾಟುವುದಿಲ್ಲ. ಅದು ಏನೂ ತಿನ್ನುವುದೇ ಇಲ್ಲವಲ್ಲ! ಅಂಥವು ಕಂಡರೆ ಆ ನೀರನ್ನು ಚರಂಡಿಗಲ್ಲ, ಒಣ ನೆಲಕ್ಕೆ ಚೆಲ್ಲಬೇಕು.

ಬಿಟಿಐ ಸಿಗದ ದಿನಗಳಲ್ಲೂ ಬಕೆಟ್ ನಡೆಸಬಹುದು. ಬಕೆಟ್ಟಿನ ಒಳಮೈಗೆ ಹಳೇ ಪಂಚೆಯ ಪಟ್ಟಿಯೊಂದನ್ನು, ಅರ್ಧ ನೀರಲ್ಲಿ ಅರ್ಧ ಮೇಲೆ ಇರುವ ಹಾಗೆ ಅಂಟಿಸುವುದು. ಈಡಿಸ್ ಮೊಟ್ಟೆಯಿಡುವುದು ನೀರಲ್ಲಲ್ಲ, ನೀರಿನಂಚಿಗಿಂತ ಸ್ವಲ್ಪ ಮೇಲೆ, ಒದ್ದೆ ಗೋಡೆಗೆ. ಪಟ್ಟಿಯನ್ನು ಬಿಡಿಸಿ ಬೆಳಕಿಗೆ ಹಿಡಿದರೆ ರಾಗಿ ಹಿಟ್ಟಿನಲ್ಲಿ ಉಳಿದ ತೌಡಿನ ಹಾಗೆ ಕಪ್ಪು ಚುಕ್ಕಿ ಸಾಲಾಗಿ ಕಾಣುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಎರಡೂ ತುದಿ ಚೂಪಾದ ಉದ್ದನೆ ಮೊಟ್ಟೆ. ಇಟ್ಟಾಗ ಬಿಳಿ, ಕೆಲವೇ ಗಂಟೆಯಲ್ಲಿ ಕಪ್ಪು. ಈ ಪಟ್ಟಿಯನ್ನು ಹಂಡೆಯ ಕುದಿಯುವ ನೀರಿಗೆ ಹಾಕಿದರೆ ಮುಗಿಯಿತು. ಬಕೆಟ್ಟಿನ ನೀರನ್ನೂ ವಾರದೊಳಗೆ ಚೆಲ್ಲಿ, ಒಳಮೈಯನ್ನು ತೆಂಗಿನ ನಾರಿನಿಂದ ಗಸಗಸ ತಿಕ್ಕಬೇಕು. ನೀರು ಚೆಲ್ಲಿದರಷ್ಟೇ ಸಾಲದು. ಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ, ಮುಂದಿನ ಮಳೆ ನೀರು ತಾಗಿದ ಕೂಡಲೇ ಒಡೆಯುತ್ತದೆ. ಬೇಸಿಗೆಯಲ್ಲಿ ಮೂಲೆಗೆ ಬಿದ್ದ ಖಾಲಿ ಡ್ರಮ್ಮಿನಿಂದ ಜೂನ್‌ನಲ್ಲಿ ಸೊಳ್ಳೆ ಏಳುವುದು ಹೀಗೇ.

ಇಟ್ಟು ಮರೆಯುವವರು ದಯವಿಟ್ಟು ಇದನ್ನು ಮಾಡಬೇಡಿ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು, ಗಮನ ಕೊಡದ ಬಕೆಟ್ ಸೊಳ್ಳೆ ಸಾಕುವ ತೊಟ್ಟಿಯಾಗುತ್ತದೆ. ನಮ್ಮಲ್ಲಿ ಶುಕ್ರವಾರ ಬಕೆಟ್ ನೋಡುವ ದಿನ. ಆ ದಿನವೇ ಮನೆ ಸುತ್ತಲಿನ ಹಾಳೆಗಳನ್ನೂ ಹೆಕ್ಕಿ, ಕೊಟ್ಟಿಗೆ ಅಟ್ಟಕ್ಕೆ ಹಾಕುತ್ತೇವೆ. ಹಾಳೆ ಹೆಕ್ಕದೆ ಬಕೆಟ್ ಇಟ್ಟರೆ ಪ್ರಯೋಜನ ಕಡಿಮೆ. ಸುತ್ತ ನೂರು ಕಡೆ ನೀರಿದ್ದರೆ ಸೊಳ್ಳೆ ನನ್ನ ಬಕೆಟ್ಟನ್ನೇ ಯಾಕೆ ಹುಡುಕಬೇಕು, ಅಲ್ವಾ? ಕುಡಿಯುವ ನೀರಿನ ಟ್ಯಾಂಕಿಗೆ ಬಲೆ, ದನಕ್ಕೆ ಕುಡಿಸುವ ಕಲ್ಲು ಮರಿಗೆಗೆ ದಿನಾ ಹೊಸ ನೀರು, ತೋಟದ ಹೊಂಡಕ್ಕೆ ಗಪ್ಪಿ ಮೀನು. ಅಲ್ಲೆಲ್ಲ ಬೇರೇನೂ ಬೇಕಾಗಿಲ್ಲ.

ಹಗಲು ಕಚ್ಚುವ ಸೊಳ್ಳೆ ನಮ್ಮ ಅಂಗಳದಲ್ಲಿ ಈಗ ಎದ್ದು ಕಾಣುವಷ್ಟು ಕಡಿಮೆ. ಅಡಿಕೆ ಸುಲಿಯಲು ಕೂತವರು ಕಾಲು ಕೊಡವುವುದು ಬಿಟ್ಟಿದ್ದಾರೆ. ಈಡಿಸ್ ಬಹಳ ದೂರ ಹಾರುವ ಸೊಳ್ಳೆಯಲ್ಲ, ಹುಟ್ಟಿದ ಜಾಗದ ಸುತ್ತಮುತ್ತಲೇ ಇರುತ್ತದೆ. ಅದಕ್ಕೇ ಒಂದು ಮನೆಯವರು ಮಾಡಿದರೂ ಫಲ ಸಿಗುತ್ತದೆ. ರಾತ್ರಿ ಗುಂಯ್‌ಗುಡುವ, ಕೊಳಕು ಚರಂಡಿಯಲ್ಲಿ ಹುಟ್ಟುವ ಕ್ಯುಲೆಕ್ಸ್ ಮಾತ್ರ ಇದಕ್ಕೆ ಅಷ್ಟು ಬಗ್ಗಿಲ್ಲ. ಬಚ್ಚಲ ನೀರು ನಿಲ್ಲದೆ ಬಾಳೆ ಬುಡಕ್ಕೆ ಹರಿಯುವಂತೆ ಕಾಲುವೆ ಸರಿಮಾಡುವ ಕೆಲಸ ಹಿಡಿದಿದ್ದೇನೆ. ಅಲ್ಲಿಯವರೆಗೆ ರಾತ್ರಿ ಎಲ್ಲರಿಗೂ ಸೊಳ್ಳೆ ಪರದೆ.